ತಣ್ಣಗಿರುವಾಗ ಕಡ್ಡಿ ನೋಡಬೇಡಿ: ಡ್ರೈ ಸಂಪ್ ಕಾರಿನ ಆಯಿಲ್ ಅಳೆಯುವ, ಕಾಯುವ ಬಗೆ

ಶಿರಸಿಯ ಹೊರಗೆ ಕುಮಟಾ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಗ್ಯಾರೇಜು. ಬರುವುದೆಲ್ಲ ಅಡಿಕೆ ಸಾಗಿಸುವ ಪಿಕಪ್ಪು, ಜೀಪು, ಬುಲೆಟ್. ಆದರೆ ಹತ್ತಿರದ ಹಳ್ಳಿಯ ಒಬ್ಬರು ಬೆಂಗಳೂರಿನಲ್ಲಿದ್ದಾರೆ. ಅವರ ಬಳಿ 1980ರ ದಶಕದ ಒಂದು ಪೋರ್ಷೆ 911 ಇದೆ. ಊರಿಗೆ ಬಂದವರು ಅದನ್ನು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಬಿಟ್ಟು ಬಸ್ಸಿಗೆ ವಾಪಸ್ ಹೋಗುತ್ತಾರೆ. ನೋಡಿಕೊಳ್ಳುವುದು ನನ್ನ ಪಾಲಿಗೆ.

ಒಂದು ವರ್ಷ ಮಳೆ ಮುಗಿದ ಮೇಲೆ, ಅವರು ಬರುವ ಮೊದಲು ಗಾಡಿ ರೆಡಿ ಮಾಡೋಣ ಅಂತ ಬೆಳಿಗ್ಗೆಯೇ ಹೋದೆ. ಹಿಂದಿನ ಮುಚ್ಚಳ ಎತ್ತಿ, ಆಯಿಲ್ ಕ್ಯಾಪ್ ತಿರುಗಿಸಿ, ಎಣ್ಣೆ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದೆ. ತುದಿಗೂ ಎಣ್ಣೆ ತಾಗಿಲ್ಲ. ಎದೆ ಧಸಕ್ ಅಂದಿತು. ಎರಡು ಲೀಟರ್ ಸುರಿದೆ. ಆಗಲೂ ಕೆಳಗಿನ ಗೆರೆ ಮುಟ್ಟಲಿಲ್ಲ. ಇನ್ನೊಂದು ಲೀಟರ್ ಸುರಿದು ಸ್ಟಾರ್ಟ್ ಮಾಡಿದೆ. ಕಾಲು ಗಂಟೆಯೊಳಗೆ ಅಂಗಳವೆಲ್ಲ ನೀಲಿ ಹೊಗೆ. ಏರ್ ಫಿಲ್ಟರ್ ಡಬ್ಬಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದೇ ಹೊತ್ತಿಗೆ ಯಜಮಾನರು ಆಟೋದಿಂದ ಇಳಿದರು.

"ತಮಾ, ಎಂತದೋ ಇದು? ಸೊಳ್ಳೆಗೆ ಹೊಗೆ ಹಾಕ್ತಾ ಇದ್ಯಾ?"

ಗಾಡಿಯಲ್ಲಿ ಎಣ್ಣೆ ಕಡಿಮೆ ಇರಲೇ ಇಲ್ಲ. ನಾನು ನೋಡಿದ ಜಾಗದಲ್ಲಿ ಇರಲಿಲ್ಲ, ಅಷ್ಟೆ. ಈ ಪೋರ್ಷೆ ಡ್ರೈ ಸಂಪ್ ಗಾಡಿ, ಅಂದರೆ ಎಣ್ಣೆ ಎಂಜಿನ್ನಿನ ತಳದಲ್ಲಿ ನಿಲ್ಲದೆ ಬೇರೆ ಟ್ಯಾಂಕಿನಲ್ಲಿರುವಂಥದ್ದು. ಇಂಥ ಗಾಡಿಯಲ್ಲಿ ಎಣ್ಣೆ ಎಷ್ಟಿದೆ ಅಂತ ಕೇಳುವ ಮೊದಲು ಈಗ ಎಲ್ಲಿದೆ ಅಂತ ಕೇಳಬೇಕು. ಕೆಳಗೆ ಬರೆದಿರುವ ಹೆಜ್ಜೆಗಳೆಲ್ಲ ಆ ಒಂದು ಪ್ರಶ್ನೆಯಿಂದಲೇ ಹುಟ್ಟಿದವು.

ಎಣ್ಣೆ ಎಲ್ಲಿರುತ್ತದೆ

ನಮ್ಮ ಮಾಮೂಲಿ ಕಾರುಗಳಲ್ಲಿ ಎಂಜಿನ್ನಿನ ತಳಕ್ಕೆ ಒಂದು ತಟ್ಟೆ ಇರುತ್ತದೆ. ಅದೇ ಸಂಪ್. ಎಣ್ಣೆಯೆಲ್ಲ ಅಲ್ಲೇ ನಿಲ್ಲುತ್ತದೆ, ಪಂಪ್ ಅಲ್ಲಿಂದಲೇ ಎಳೆದು ಮೇಲೆ ಕಳಿಸುತ್ತದೆ. ದಿನದ ಓಡಾಟಕ್ಕೆ ಇದು ಧಾರಾಳ ಸಾಕು. ಆದರೆ ಊಟಕ್ಕೆ ಕೂತಾಗ ಬಾಳೆಲೆ ಸ್ವಲ್ಪ ಓರೆಯಾದರೆ ತಂಬುಳಿ ಏನು ಮಾಡುತ್ತದೆ? ಒಂದು ಅಂಚಿಗೆ ಓಡುತ್ತದೆ. ತಿರುವಿನಲ್ಲಿ ಜೋರಾಗಿ ಹೋದಾಗ ಸಂಪಿನ ಎಣ್ಣೆಯದೂ ಅದೇ ಕಥೆ. ಎಣ್ಣೆ ಒಂದು ಮೂಲೆಗೆ ಸರಿಯಿತು, ಪಂಪಿನ ಬಾಯಿ ಗಾಳಿ ಎಳೆಯಿತು ಅಂದರೆ ಬೇರಿಂಗ್‌ಗಳು ಕೆಲವೇ ಕ್ಷಣದಲ್ಲಿ ಹಾಳಾಗಬಹುದು.

ಡ್ರೈ ಸಂಪಿನಲ್ಲಿ ತಳದ ತಟ್ಟೆಯಲ್ಲಿ ಎಣ್ಣೆ ನಿಲ್ಲಲು ಬಿಡುವುದಿಲ್ಲ. ಸ್ಕ್ಯಾವೆಂಜ್ ಪಂಪ್ ಅಂತ ಒಂದು ಇರುತ್ತದೆ. ಕೆಲವು ಗಾಡಿಗಳಲ್ಲಿ ಒಂದಕ್ಕಿಂತ ಜಾಸ್ತಿ. ಕೆಳಗೆ ಬಿದ್ದ ಎಣ್ಣೆಯನ್ನು ಅದು ಬಿದ್ದ ಹಾಗೇ ಎಳೆದು ಬೇರೆ ಟ್ಯಾಂಕಿಗೆ ಕಳಿಸುತ್ತದೆ. ಟ್ಯಾಂಕು ಎತ್ತರವಾಗಿ, ಕಿರಿದಾಗಿ ಇರುತ್ತದೆ. ಹಾಗಾಗಿ ಗಾಡಿ ಎಷ್ಟು ವಾಲಿದರೂ ಅದರ ತಳದಲ್ಲಿ ಎಣ್ಣೆ ಇದ್ದೇ ಇರುತ್ತದೆ. ಎರಡನೇ ಪಂಪ್ ಆ ತಳದಿಂದ ಎಳೆದು ಎಂಜಿನ್ನಿಗೆ ಕೊಡುತ್ತದೆ. ಕೆಳಗೆ ಆಳದ ತಟ್ಟೆ ಬೇಡವಾದ್ದರಿಂದ ಎಂಜಿನ್ನನ್ನು ನೆಲಕ್ಕೆ ಇನ್ನಷ್ಟು ಹತ್ತಿರ ಕೂರಿಸಬಹುದು. ಇದು ಎರಡನೇ ಲಾಭ.

ಕೆಳಗಿನಿಂದ ಎಳೆಯುವ ಪಂಪಿಗೆ ಮೇಲಕ್ಕೆ ಕೊಡುವ ಪಂಪಿಗಿಂತ ಶಕ್ತಿ ಜಾಸ್ತಿ ಇಟ್ಟಿರುತ್ತಾರೆ. ಯಾಕೆಂದರೆ ಅದು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ. ಟ್ಯಾಂಕಿಗೆ ವಾಪಸ್ ಬರುವ ಎಣ್ಣೆ ಕಡೆದ ಮಜ್ಜಿಗೆಯ ಹಾಗೆ ನೊರೆ ನೊರೆ. ಆ ನೊರೆ ಒಡೆದು ಗಾಳಿ ಬೇರೆಯಾಗಲು ಟ್ಯಾಂಕಿನ ಮೇಲ್ಭಾಗದಲ್ಲಿ ಖಾಲಿ ಜಾಗ ಬೇಕು. ಸುಮ್ನೆ ಇರಲಿ ಅಂತ ಕಂಠಮಟ್ಟ ತುಂಬಿಸಿದರೆ ಆ ಜಾಗವೇ ಇಲ್ಲವಾಗುತ್ತದೆ. ಆಮೇಲೆ ಎಣ್ಣೆ, ಗಾಳಿ ಹೊರಹೋಗಲು ಇಟ್ಟ ಬ್ರೀದರ್ ಪೈಪಿನ ದಾರಿಯಲ್ಲಿ ಏರ್ ಫಿಲ್ಟರಿಗೆ, ಅಲ್ಲಿಂದ ಸಿಲಿಂಡರಿಗೆ. ನಮ್ಮ ಅಂಗಳದ ಹೊಗೆ ಬಂದದ್ದು ಹೀಗೆ.

ಇನ್ನು ಬೆಳಿಗ್ಗೆ ಕಡ್ಡಿ ಒಣಗಿದ್ದು ಯಾಕೆ? ಗಾಡಿ ನಿಂತಾಗ ಟ್ಯಾಂಕಿನ ಎಣ್ಣೆ ಪಂಪಿನ ಸಣ್ಣ ಸಂದುಗಳಲ್ಲಿ ನುಸುಳಿ, ನಿಧಾನವಾಗಿ ಎಂಜಿನ್ನಿನ ತಳಕ್ಕೆ ಇಳಿಯುತ್ತದೆ. ಒಂದು ರಾತ್ರಿಗೆ ಸ್ವಲ್ಪ, ನಾಲ್ಕು ತಿಂಗಳಿಗೆ ಬಹಳ. ಹಳೇ ಕಾಸ್ಟ್ ಐರನ್ ಬುಲೆಟ್ ಇಟ್ಟುಕೊಂಡವರಿಗೆ ಇದು ಹೊಸ ವಿಷಯವಲ್ಲ. ಅದೂ ಡ್ರೈ ಸಂಪ್ ಎಂಜಿನ್ನೇ. ಟ್ಯಾಂಕು ಹೊರಗೆ ಕಾಣದೆ ಕ್ರ್ಯಾಂಕ್‌ಕೇಸಿನಲ್ಲೇ ಸೇರಿಕೊಂಡಿದೆ, ಅಷ್ಟೇ ವ್ಯತ್ಯಾಸ. ತಿಂಗಳುಗಟ್ಟಲೆ ನಿಂತ ಬುಲೆಟ್ಟಿನ ಕಡ್ಡಿ ಖಾಲಿ ತೋರಿಸುವುದು, ಕಿಕ್ ಹೊಡೆದ ಕೂಡಲೇ ಬುಸುಬುಸು ಹೊಗೆ ಬರುವುದು, ಎಲ್ಲದಕ್ಕೂ ಕಾರಣ ಒಂದೇ. ಬುಲೆಟ್ಟಿನಲ್ಲಿ ಇಷ್ಟು ವರ್ಷ ನೋಡಿದ್ದು ಪೋರ್ಷೆ ಮುಂದೆ ನಿಂತಾಗ ಹೇಗೆ ಮರೆತು ಹೋಯಿತೋ ಗೊತ್ತಿಲ್ಲ. ದುಬಾರಿ ಗಾಡಿ ಅಂದರೆ ಹೆದರಿಕೆಗೆ ಬುದ್ಧಿ ಓಡುವುದಿಲ್ಲ.

ಮೊದಲು ನಿಮ್ಮ ಗಾಡಿಯ ಪದ್ಧತಿ ತಿಳಿಯಿರಿ

ಹಳೆಯ ಏರ್‌ಕೂಲ್ಡ್, ಅಂದರೆ ನೀರಿಲ್ಲದೆ ಗಾಳಿಯಿಂದ ತಣಿಯುವ 911 ಎಲ್ಲವೂ ಡ್ರೈ ಸಂಪ್. ಲ್ಯಾಂಬೊರ್ಗಿನಿ ಹುರಾಕಾನ್, ಆಡಿ ಆರ್8, ಮೊದಲ ತಲೆಮಾರಿನ ಎರಡು ಬಾಗಿಲಿನ ಮರ್ಸಿಡಿಸ್ ಎಎಂಜಿ ಜಿಟಿ, 911 ಜಿಟಿ3 ಕೂಡ ಅದೇ ಜಾತಿ. ವಾರದ ಕೊನೆಗೆ ಬೆಂಗಳೂರಿನಿಂದ ಗೋವಾಕ್ಕೆ ಸಾಲಾಗಿ ಹೋಗುವ ಗಾಡಿಗಳಲ್ಲಿ ಇವು ಕಾಣುತ್ತವೆ. ಆದರೆ ಸ್ಪೋರ್ಟ್ಸ್ ಕಾರೆಲ್ಲ ಡ್ರೈ ಸಂಪ್ ಅಂದುಕೊಳ್ಳಬೇಡಿ. ಮಸ್ಟಾಂಗ್ ಜಿಟಿ ಅಲ್ಲ. ಇನ್ನು 1990ರ ದಶಕದ ಕೊನೆಯಲ್ಲಿ ಬಂದ ವಾಟರ್‌ಕೂಲ್ಡ್ 911 ಕರೆರಾದ್ದು ಇವೆರಡರ ನಡುವಿನ ಕಥೆ. ಹೆಸರಿಗೆ ಡ್ರೈ ಸಂಪ್, ಆದರೆ ಎಣ್ಣೆ ಇರುವುದು ಎಂಜಿನ್ನಿನ ಒಳಗೇ.

ಅಳೆಯುವ ಪದ್ಧತಿ ಮೂರು ಬಗೆ. ಒಂದು, ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ನಿಂತಲ್ಲೇ ಓಡುತ್ತಿರುವಾಗಲೇ ಕಡ್ಡಿ ಎಳೆದು ನೋಡುವುದು. ಏರ್‌ಕೂಲ್ಡ್ 911 ಹೀಗೆ. ಎರಡು, ಬಿಸಿ ಎಂಜಿನ್ ಆಫ್ ಮಾಡಿ, ಪುಸ್ತಕದಲ್ಲಿ ಹೇಳಿದಷ್ಟೇ ನಿಮಿಷ ಕಾದು ನೋಡುವುದು. ಮೂರು, ಕಡ್ಡಿಯೇ ಇಲ್ಲದೆ ಸೆನ್ಸರ್ ಅಳೆದು ಡ್ಯಾಶ್‌ಬೋರ್ಡಿನಲ್ಲಿ ತೋರಿಸುವುದು. ಈಚಿನ 911ಗಳಲ್ಲಿ ಕಡ್ಡಿಯನ್ನು ಕೈಬಿಟ್ಟಿದ್ದಾರೆ. ನಿಮ್ಮದು ಯಾವುದು ಅಂತ ಓನರ್ಸ್ ಮ್ಯಾನ್ಯುವಲ್ ನೋಡಿ. ಇದೊಂದು ವಿಷಯದಲ್ಲಿ ನನ್ನ ಮಾತಾಗಲಿ, ಇನ್ಯಾವ ಮೆಕ್ಯಾನಿಕ್ ಮಾತಾಗಲಿ ನಂಬಬೇಡಿ. ಒಂದು ಪದ್ಧತಿಯ ಗಾಡಿಯನ್ನು ಇನ್ನೊಂದು ಪದ್ಧತಿಯಲ್ಲಿ ಅಳೆದರೆ ಲೆಕ್ಕ ತಪ್ಪೇ ತಪ್ಪುತ್ತದೆ.

ಮಟ್ಟದ ಜಾಗ

ನಮ್ಮ ಶಿರಸಿ ಕಡೆ ನಾಲ್ಕು ಚಕ್ರ ಮಟ್ಟವಾಗಿ ನಿಲ್ಲುವ ಜಾಗ ಹುಡುಕುವುದೇ ಅರ್ಧ ಕೆಲಸ. ಪೆಟ್ರೋಲ್ ಬಂಕಿನ ನೆಲ ನೋಡಲು ಚಪ್ಪಟೆ, ಆದರೆ ಮಳೆನೀರು ಹರಿಯಲು ಓರೆ ಕೊಟ್ಟಿರುತ್ತಾರೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳವೂ ಹಾಗೇ. ನಾನು ಗಾರೆ ಕೆಲಸದವರ ಲೆವೆಲ್ ಪೈಪ್ ತಂದು, ನಾಲ್ಕೂ ಚಕ್ರ ನಿಲ್ಲುವ ಜಾಗ ಅಳೆದು, ನೆಲಕ್ಕೆ ಪೇಂಟಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಪ್ರತಿ ಸಲ ಅದೇ ಗುರುತಿನ ಮೇಲೆ, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸುತ್ತೇನೆ. ಹಾಗೆ ಮಾಡಿದರೆ ಒಂದು ಚೂರು ಓರೆ ಉಳಿದಿದ್ದರೂ ಪ್ರತಿ ಸಲವೂ ಅಷ್ಟೇ ಇರುತ್ತದೆ, ಹೋದ ತಿಂಗಳ ಲೆಕ್ಕಕ್ಕೂ ಈ ತಿಂಗಳ ಲೆಕ್ಕಕ್ಕೂ ತಾಳೆ ನೋಡಬಹುದು.

ಎಣ್ಣೆ ಬಿಸಿಯಾಗಬೇಕು, ನೀರಲ್ಲ

ಎಲ್ಲರೂ ಎಡವುವುದು ಇಲ್ಲಿ. ವಾಟರ್‌ಕೂಲ್ಡ್ ಗಾಡಿಯಲ್ಲಿ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಕೂಡಲೇ ಬಿಸಿಯಾಯಿತು ಅಂದುಕೊಳ್ಳುತ್ತೇವೆ. ಅದು ಎಂಜಿನ್ ತಣಿಸುವ ನೀರಿನ, ಅಂದರೆ ಕೂಲೆಂಟಿನ ಬಿಸಿ. ಎಣ್ಣೆ ಅದರ ಹಿಂದೆ ನಿಧಾನಕ್ಕೆ ಬರುತ್ತದೆ. ಡ್ರೈ ಸಂಪಿನಲ್ಲಿ ಎಣ್ಣೆ ಜಾಸ್ತಿ ಇರುವುದರಿಂದ ಇನ್ನೂ ತಡ. ಆಯಿಲ್ ಟೆಂಪರೇಚರ್ ತೋರಿಸುವ ಮೀಟರ್ ಇದ್ದರೆ ಅದು 80 ಡಿಗ್ರಿ ದಾಟಿ ನಿಲ್ಲುವ ತನಕ ಓಡಿಸಿ. ನಿಲ್ಲಿಸಿಕೊಂಡು ರೇಸ್ ಕೊಟ್ಟು ಬಿಸಿ ಮಾಡುವ ಕೆಲಸ ಬೇಡ. ಓಡಿಸಿಯೇ ಬಿಸಿ ಮಾಡಬೇಕು. ನಾನು ಗ್ಯಾರೇಜಿನಿಂದ ರಾಗಿಹೊಸಳ್ಳಿ ತನಕ ಹೋಗಿ ಬರುತ್ತೇನೆ. ಕಾರವಾರದವರಿಗೆ ಹೆದ್ದಾರಿ 66ರಲ್ಲಿ ಅಂಕೋಲಾ ಕಡೆ ಒಂದು ಸುತ್ತು ಸಾಕು.

ಬಿಸಿಗೆ ಇಷ್ಟು ಮಹತ್ವ ಯಾಕೆ ಅಂದರೆ ಎರಡು ಕಾರಣ. ಒಂದು, ಎಣ್ಣೆ ಉಬ್ಬುತ್ತದೆ. ಹತ್ತು ಲೀಟರ್ ಎಣ್ಣೆ 30 ಡಿಗ್ರಿಯಿಂದ 90ಕ್ಕೆ ಹೋದರೆ ಸುಮಾರು 400 ಮಿಲಿಲೀಟರ್ ಜಾಸ್ತಿಯಾಗುತ್ತದೆ. ಕಡ್ಡಿಯ ಮೇಲೆ ಅದು ಸಣ್ಣ ವ್ಯತ್ಯಾಸವಲ್ಲ. ಎರಡು, ಹಲವು ಗಾಡಿಗಳಲ್ಲಿ ಆಯಿಲ್ ಕೂಲರಿಗೆ ಹೋಗುವ ದಾರಿಯಲ್ಲಿ ಥರ್ಮೋಸ್ಟಾಟ್ ಇರುತ್ತದೆ. ಎಣ್ಣೆ ಬಿಸಿಯಾಗುವ ತನಕ ಆ ದಾರಿ ಮುಚ್ಚಿರುತ್ತದೆ. ಆಯಿಲ್ ಬದಲಾಯಿಸಿದ ಮೇಲೆ ಕೂಲರಿನಲ್ಲಿ ಖಾಲಿ ಜಾಗ ಉಳಿದಿದ್ದರೆ, ದಾರಿ ತೆರೆದ ಮೇಲೆಯೇ ಅದು ತುಂಬುವುದು. ಅದಕ್ಕೂ ಮುಂಚೆ ತೋರಿಸಿದ ಮಟ್ಟ ಪೂರ್ತಿ ನಿಜವಲ್ಲ.

ಕಡ್ಡಿ ಎಳೆಯುವುದು

ಏರ್‌ಕೂಲ್ಡ್ 911ರ ಲೆಕ್ಕದಲ್ಲಿ ಹೇಳುತ್ತೇನೆ. ಗುರುತಿನ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎರಡು ಮೂರು ನಿಮಿಷ ಐಡಲ್‌ಗೆ ಬಿಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ, ಹೊಗೆ ಜೀವಕ್ಕೆ ಅಪಾಯ. ಇನ್ನೊಂದು ಮಾತು. ಹೆಗಲ ಮೇಲಿನ ಟವೆಲ್ ತೆಗೆದಿಡಿ, ಲುಂಗಿ ಉಟ್ಟು ಈ ಕೆಲಸಕ್ಕೆ ಬರಬೇಡಿ. ಫ್ಯಾನೂ ಬೆಲ್ಟೂ ಕೈಯಳತೆಯಲ್ಲೇ ತಿರುಗುತ್ತಿರುತ್ತವೆ.

ಕ್ಯಾಪ್ ಬಿಚ್ಚಿದಾಗ ಎಂಜಿನ್ನಿನ ಸದ್ದು ಸ್ವಲ್ಪ ಬದಲಾಗಬಹುದು, ಐಡಲ್ ತಗ್ಗಬಹುದು. ಗಾಬರಿ ಬೇಡ. ಆ ಕಾಲದ 911ಗಳಲ್ಲಿ ಅದು ಒಳ್ಳೆಯ ಲಕ್ಷಣ, ಬೇರೆಲ್ಲೂ ಗಾಳಿ ಸೋರುತ್ತಿಲ್ಲ ಅಂತ ಅರ್ಥ. ಕಡ್ಡಿ ಎಳೆಯಿರಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಇಳಿಸಿ, ಮತ್ತೆ ಎಳೆದು ನೋಡಿ. ಮೊದಲ ಸಲ ಕಂಡದ್ದನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಹೊಸ ಎಣ್ಣೆ ಜೇನಿನ ಬಣ್ಣದ್ದು, ಹಗಲು ಬೆಳಕಿನಲ್ಲಿ ಕಡ್ಡಿ ಓರೆ ಹಿಡಿದರಷ್ಟೇ ಗೆರೆ ಕಾಣುತ್ತದೆ. ಕಡ್ಡಿಯ ಎರಡು ಬದಿ ಬೇರೆ ಬೇರೆ ತೋರಿಸಿದರೆ ಕಡಿಮೆ ಇರುವ ಬದಿಯನ್ನು ನಂಬಿ. ಇನ್ನೊಂದು ಬದಿ ನಳಿಗೆಯ ಗೋಡೆಗೆ ತಾಗಿ ಮೆತ್ತಿಕೊಂಡಿರುತ್ತದೆ.

ಡ್ಯಾಶ್‌ಬೋರ್ಡಿನಲ್ಲೂ ಒಂದು ಆಯಿಲ್ ಮಟ್ಟದ ಮುಳ್ಳು ಇರುತ್ತದೆ. ಅದೂ ಬಿಸಿಯಾಗಿ ಐಡಲ್‌ನಲ್ಲಿದ್ದಾಗ ಮಾತ್ರ ನಂಬಲು ಲಾಯಕ್ಕು. ಓಡಿಸುವಾಗ ತಳಕ್ಕೆ ಬೀಳುತ್ತದೆ, ಆಗ ಹೆಚ್ಚು ಎಣ್ಣೆ ಎಂಜಿನ್ನಿನೊಳಗೆ ಕೆಲಸದಲ್ಲಿರುತ್ತದೆ. ದೇವಿಮನೆ ಘಟ್ಟದ ಮಧ್ಯೆ ಮುಳ್ಳು ಬಿತ್ತು ಅಂತ ಫೋನ್ ಮಾಡಿದವರಿದ್ದಾರೆ.

ಆಫ್ ಮಾಡಿ ನೋಡುವ ಗಾಡಿಯಾದರೆ ಗಡಿಯಾರ ಹಿಡಿದುಕೊಳ್ಳಿ. ಪುಸ್ತಕ ಐದು ನಿಮಿಷ ಅಂದರೆ ಐದೇ ನಿಮಿಷ. ಒಂದು ಚಹಾ ಕುಡಿದು ಬರುತ್ತೇನೆ ಅಂತ ಹೋದರೆ ಮುಗೀತು. ನಮ್ಮೂರಿನ ಚಹಾ ಅರ್ಧ ಗಂಟೆಗೆ ಕಡಿಮೆ ಆಗುವುದಿಲ್ಲ, ಅಷ್ಟರಲ್ಲಿ ಎಣ್ಣೆ ಇಳಿಯಲು ಶುರುವಾಗಿರುತ್ತದೆ. ತಡವಾದರೆ ಮತ್ತೆ ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಮೊದಲಿಂದ ಮಾಡಿ. ಸೆನ್ಸರ್ ಇರುವ ಗಾಡಿಗೂ ಮಟ್ಟದ ಜಾಗ, ಬಿಸಿ ಎಣ್ಣೆ ಎರಡೂ ಬೇಕು. ಎಣ್ಣೆ ಹಾಕಿದ ಕೂಡಲೇ ಅದು ಹೊಸ ಲೆಕ್ಕ ತೋರಿಸುವುದಿಲ್ಲ, ಕಾಯಬೇಕು. ಕಾಯದೆ ಇನ್ನಷ್ಟು ಸುರಿದವರ ಗಾಡಿಯೇ ಹೊಗೆ ಬಿಡುವುದು.

ಹಾಕುವುದು, ತೆಗೆಯುವುದು

ಮಟ್ಟ ಎರಡು ಗೆರೆಗಳ ನಡುವೆ ಇದ್ದರೆ ಬಿಟ್ಟುಬಿಡಿ. ಮೇಲಿನ ಗೆರೆ ಮುಟ್ಟಿಸಲೇಬೇಕು ಅನ್ನುವ ಹಟ ಬೇಡ. ನಾನು ಮುಕ್ಕಾಲಿನ ಹತ್ತಿರ ನಿಲ್ಲಿಸುತ್ತೇನೆ. ಕಡಿಮೆ ಇದ್ದರೆ 250 ಮಿಲಿ ಹಾಕಿ, ಎರಡು ನಿಮಿಷ ಓಡಲು ಬಿಟ್ಟು, ಮತ್ತೆ ಕಡ್ಡಿ ನೋಡಿ. ಬೇಕಾದರೆ ಇನ್ನೊಂದು 250. ಬೇಸರದ ಕೆಲಸ, ನಿಜ. ಆದರೆ ಹಾಕಿದ್ದನ್ನು ತೆಗೆಯುವುದು ಅದಕ್ಕಿಂತ ಬೇಸರ. ಮೂರು ಲೀಟರ್ ವಾಪಸ್ ತೆಗೆಯಲು ಅವತ್ತು ನನಗೆ ಮಧ್ಯಾಹ್ನ ಆಯಿತು. ಎಂಜಿನ್ ಆಫ್ ಮಾಡಿ, ಸ್ವಲ್ಪ ಆರಲು ಬಿಟ್ಟು, ಟ್ಯಾಂಕಿನ ಬಾಯಿಯಿಂದ ಸಣ್ಣ ಪೈಪ್ ಇಳಿಸಿ ಕೈಪಂಪಿನಲ್ಲಿ ಎಳೆಯಬೇಕು. ಏರ್ ಫಿಲ್ಟರ್ ಹೊಸದು ಹಾಕಿ, ಅದರ ಡಬ್ಬಿ, ಪೈಪು ಒರೆಸಬೇಕು. ಎಣ್ಣೆ ಸೈಲೆನ್ಸರಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸಿದರೆ ಖರ್ಚು ಬೇರೆ.

ಎಣ್ಣೆ ಹಾಕುವ ಬಾಯಿ ಯಾವುದು ಅಂತಲೂ ಸರಿಯಾಗಿ ನೋಡಿಕೊಳ್ಳಿ. 1972ರ ಮಾಡೆಲ್ 911ರಲ್ಲಿ ಕಾರಿನ ಬಲ ಪಕ್ಕಕ್ಕೆ, ಹೊರಗಿನಿಂದಲೇ ತೆರೆಯುವ ಆಯಿಲ್ ಮುಚ್ಚಳ ಕೊಟ್ಟಿದ್ದರು. ಬಂಕಿನ ಹುಡುಗರು ಅದೇ ಪೆಟ್ರೋಲ್ ಬಾಯಿ ಅಂದುಕೊಂಡು ಪೆಟ್ರೋಲ್ ಸುರಿಯುತ್ತಿದ್ದರಂತೆ. ಮರುವರ್ಷವೇ ಆ ಮುಚ್ಚಳ ಮಾಯ.

ಯಾವ ಆಯಿಲ್ ಅನ್ನುವುದಕ್ಕೆ ಡಬ್ಬಿಯ ಮುಂದಿನ ದೊಡ್ಡ ಅಕ್ಷರಕ್ಕಿಂತ ಹಿಂದಿನ ಸಣ್ಣ ಅಕ್ಷರ ಮುಖ್ಯ. ಪೆಟ್ರೋಲ್ ಪೋರ್ಷೆಗಳಲ್ಲಿ ಹಲವಕ್ಕೆ ಹಾಕುವ ಎಣ್ಣೆಗೆ ಎ40 ಅನ್ನುವ ಕಂಪನಿಯ ಒಪ್ಪಿಗೆ ಇರಬೇಕು. ಮರ್ಸಿಡಿಸ್‌ಗೆ 229.5 ಥರದ ನಂಬರು ಕೇಳುತ್ತಾರೆ. ಹಳೆಯ ಏರ್‌ಕೂಲ್ಡ್ ಎಂಜಿನ್ನಿಗೆ ನಮ್ಮ ಸೆಖೆಯಲ್ಲಿ ದಪ್ಪ ಎಣ್ಣೆ, ಅಂದರೆ 20ಡಬ್ಲ್ಯೂ-50 ಹೊಂದುತ್ತದೆ. ಪಿಕಪ್ಪಿಗೆ ಹಾಕುವ ಡೀಸೆಲ್ ಆಯಿಲ್ ಇದೆ ಅಂತ ಅದನ್ನೇ ಹಾಕಬೇಡಿ. ಕುಮಟಾದಲ್ಲೋ ಅಂಕೋಲಾದಲ್ಲೋ ಬೇಕಾದ ಡಬ್ಬಿ ಸಿಗುತ್ತದೆ ಅನ್ನುವ ಭರವಸೆಯಲ್ಲಿ ಹೊರಡಬೇಡಿ. ಡಿಕ್ಕಿಯಲ್ಲಿ ಒಂದು ಲೀಟರ್ ಇಟ್ಟುಕೊಳ್ಳಿ. ತೀರಾ ಕೈಕೊಟ್ಟಾಗ ಹತ್ತಿರದ ದಪ್ಪದ ಯಾವುದೇ ಒಳ್ಳೆಯ ಸಿಂಥೆಟಿಕ್ ಅರ್ಧ ಲೀಟರ್ ಹಾಕಿ ಮನೆ ಸೇರುವುದು, ಖಾಲಿ ಓಡಿಸುವುದಕ್ಕಿಂತ ಸಾವಿರ ಪಾಲು ವಾಸಿ.

ದೀಪ ಎರಡು ಥರ. ಹಳದಿ ಮಟ್ಟದ ದೀಪ ಬಂದರೆ ನಿಧಾನಕ್ಕೆ ಹೋಗಿ, ಮಟ್ಟದ ಜಾಗ ಹುಡುಕಿ, ಅಳೆಯಿರಿ. ಕೆಂಪು ಪ್ರೆಶರ್ ದೀಪ ಬಂದರೆ ಘಟ್ಟವಿರಲಿ, ಊರಿರಲಿ, ಗಾಡಿ ಬದಿಗೆ ನಿಲ್ಲಿಸಿ ಕೂಡಲೇ ಆಫ್ ಮಾಡಿ. ಗ್ಯಾರೇಜ್ ಇನ್ನು ಎರಡೇ ಕಿಲೋಮೀಟರ್ ಅನ್ನುವ ಆಸೆಗೆ ಬಿದ್ದು ಎಂಜಿನ್ ಕಳೆದುಕೊಳ್ಳಬೇಡಿ.

ಆಯಿಲ್ ಬದಲಾಯಿಸುವಾಗ

ಡ್ರೈ ಸಂಪಿನಲ್ಲಿ ಸಾಮಾನ್ಯವಾಗಿ ಡ್ರೇನ್ ಬೋಲ್ಟ್ ಒಂದಕ್ಕಿಂತ ಜಾಸ್ತಿ. ಟ್ಯಾಂಕಿಗೆ ಒಂದು, ಎಂಜಿನ್ ತಳಕ್ಕೆ ಒಂದು. ಒಂದನ್ನೇ ಬಿಚ್ಚಿದರೆ ಅರ್ಧ ಹಳೆ ಎಣ್ಣೆ ಒಳಗೇ ಉಳಿಯುತ್ತದೆ. ಬಿಸಿ ಇರುವಾಗ ಇಳಿಸಿ, ಎರಡಕ್ಕೂ ಹೊಸ ವಾಷರ್ ಹಾಕಿ, ಫಿಲ್ಟರ್ ಬದಲಿಸಿ. ಇಳಿದದ್ದು ಎಷ್ಟು ಅಂತ ಅಳತೆ ಪಾತ್ರೆಯಲ್ಲಿ ನೋಡಿ ಬರೆದಿಡಿ. ನಮ್ಮ 911ಕ್ಕೆ ಒಟ್ಟು ಹಿಡಿಯುವುದು ಸುಮಾರು 13 ಲೀಟರ್. ಆದರೆ ಇಳಿಯುವುದು ಹತ್ತರ ಆಸುಪಾಸು. ಉಳಿದದ್ದು ಕಾರಿನ ಮುಂಭಾಗದ ಆಯಿಲ್ ಕೂಲರ್, ಉದ್ದದ ಪೈಪುಗಳಲ್ಲಿ ನಿಂತಿರುತ್ತದೆ. ಪುಸ್ತಕದಲ್ಲಿ 13 ಅಂತ ನೋಡಿ 13 ಸುರಿದರೆ ಮತ್ತೆ ಸೊಳ್ಳೆ ಹೊಗೆ.

ಹಾಗಾಗಿ ಇಳಿದದ್ದಕ್ಕಿಂತ ಒಂದೂವರೆ ಲೀಟರ್ ಕಡಿಮೆ ಹಾಕಿ. ಪ್ರೆಶರ್ ಮುಳ್ಳು ಏಳುವ ತನಕ ಸ್ಟಾರ್ಟ್ ಆಗದಂತೆ ಸ್ಟಾರ್ಟರ್ ಮಾತ್ರ ತಿರುಗಿಸಿ. ಒಂದೇ ಸಮ ಅಲ್ಲ, ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು. ಆಮೇಲೆ ಸ್ಟಾರ್ಟ್ ಮಾಡಿ, ರೇಸ್ ಕೊಡದೆ ಬಿಟ್ಟು, ಸೋರಿಕೆ ನೋಡಿ, ರಸ್ತೆಗೆ ಹೋಗಿ ಬಿಸಿ ಮಾಡಿ ಬನ್ನಿ. ಉಳಿದದ್ದನ್ನು ಕಡ್ಡಿ ಹೇಳಿದ ಹಾಗೆ ತುಂಬಿಸಿ.

ಹಳೆ ಎಣ್ಣೆಯನ್ನು ಬೇಲಿ ಗೂಟಕ್ಕೆ ಗೆದ್ದಲು ಬಾರದಂತೆ ಬಳಿಯುವ ರೂಢಿ ನಮ್ಮಲ್ಲಿದೆ. ಬೇಡ. ಮಳೆಗೆ ತೊಳೆದು ತೋಟಕ್ಕೆ, ತೋಟದಿಂದ ಹಳ್ಳಕ್ಕೆ ಹೋಗುತ್ತದೆ. ಡಬ್ಬಿಗೆ ತುಂಬಿಸಿ, ವೇಸ್ಟ್ ಆಯಿಲ್ ಅನ್ನು ರೀಫೈನರಿಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ಕರಾವಳಿಯ ಉಪ್ಪು, ಮಳೆಯ ತೇವ

ಕಾರವಾರದ ಗಾಡಿಗಳಲ್ಲಿ ನಾನು ಕಡ್ಡಿಗಿಂತ ಮೊದಲು ನೋಡುವುದು ಕೆಳಭಾಗ. ಏರ್‌ಕೂಲ್ಡ್ 911ರ ಆಯಿಲ್ ಟ್ಯಾಂಕು ಬಲಗಡೆ ಹಿಂದಿನ ಚಕ್ರದ ಹತ್ತಿರ ಇರುತ್ತದೆ. ಚಕ್ರ ಎರಚುವ ಉಪ್ಪುನೀರು, ಕೆಸರು ಅದರ ತಳಕ್ಕೇ ಬೀಳುತ್ತದೆ. ಮುಂದಿನ ಕೂಲರಿಗೆ ಹೋಗುವ ಪೈಪುಗಳು ಬಲ ಬಾಗಿಲ ಕೆಳಗೆ ಉದ್ದಕ್ಕೂ ಸಾಗುತ್ತವೆ. ಪಂಕ್ಚರ್ ಅಂಗಡಿಯಲ್ಲಿ ಜಾಕನ್ನು ಸರಿಯಾದ ಜಾಗ ಬಿಟ್ಟು ಅಲ್ಲಿಗೆ ಕೊಟ್ಟರೆ ಪೈಪ್ ಚಪ್ಪಟೆ. ರೋಡ್ ಹಂಪ್ ಕೆರೆದರೂ ಅಷ್ಟೆ. ಟಾಗೋರ್ ಬೀಚಿನ ಹತ್ತಿರ ಸಂಜೆ ನಿಲ್ಲಿಸಿದ್ದರೆ ಮರುದಿನ ತಳಕ್ಕೆ ಸಿಹಿನೀರು ಹೊಡೆಯಿರಿ. ನಿಲ್ಲಿಸಿದ ಜಾಗಕ್ಕೆ ಒಂದು ರಟ್ಟು ಹಾಸಿಡಿ, ಎಣ್ಣೆ ಬಿದ್ದರೆ ಯಾವ ಕಡೆ ಸೋರುತ್ತಿದೆ ಅಂತ ರಟ್ಟೇ ಹೇಳುತ್ತದೆ.

ಮಳೆಗಾಲದಲ್ಲಿ ಕ್ಯಾಪಿನ ಒಳಗೆ ಹಳದಿ ಬಿಳಿ ಲೋಳೆ ಕಂಡರೆ ಬಹಳ ಜನ ಹೆದರುತ್ತಾರೆ. ಹತ್ತಿರ ಹತ್ತಿರ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಗಾಳಿಯ ತೇವ ಒಳಗೆ ನೀರಾಗಿ ಎಣ್ಣೆ ಜೊತೆ ಸೇರುತ್ತದೆ. ಏರ್‌ಕೂಲ್ಡ್ ಎಂಜಿನ್ನಿನಲ್ಲಿ ಕೂಲೆಂಟೇ ಇಲ್ಲ, ಹಾಗಾಗಿ ಇದು ತೇವವೇ. ಮುಕ್ಕಾಲು ಗಂಟೆ ಚೆನ್ನಾಗಿ ಓಡಿಸಿದರೆ ಹೆಚ್ಚಿನದು ಆವಿಯಾಗಿ ಹೋಗುತ್ತದೆ. ವಾಟರ್‌ಕೂಲ್ಡ್ ಗಾಡಿಯಲ್ಲಿ ಕಡ್ಡಿಯ ಎಣ್ಣೆಯೇ ಹಾಲು ಬೆರೆಸಿದ ಹಾಗಿದ್ದು, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಮಾತ್ರ ಗಾಡಿ ನಿಲ್ಲಿಸಿ ವರ್ಕ್‌ಶಾಪಿಗೆ ಟೋ ಮಾಡಿಸಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಿಲ್ಲಿಸುವುದಾದರೆ ನಿಲ್ಲಿಸುವ ಮೊದಲೇ ಆಯಿಲ್ ಬದಲಿಸಿ. ಹಳೆ ಎಣ್ಣೆಯ ಹುಳಿ ನಾಲ್ಕು ತಿಂಗಳು ಬೇರಿಂಗಿಗೆ ತಾಗಿ ಕೂರುವುದು ಬೇಡ. ನಿಲ್ಲಿಸಿದ ದಿನ ಬಿಸಿಯಲ್ಲಿ ನೋಡಿದ ಮಟ್ಟವನ್ನು ಒಂದು ಚೀಟಿಯಲ್ಲಿ, ತಾರೀಕು, ಕಿಲೋಮೀಟರ್ ಜೊತೆ ಬರೆದು ಸ್ಟೇರಿಂಗಿಗೆ ಅಂಟಿಸಿ. ನಮ್ಮ 911ರಲ್ಲಿ ಈಗ ಆ ಚೀಟಿಯ ಕೆಳಗೆ ಯಜಮಾನರು ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ: "ತಮಾ, ಸುರಿಯಡ."

ಮಳೆ ಮುಗಿದ ಮೇಲೆ ಕಡ್ಡಿ ಎಳೆಯುವ ಮೊದಲು ಚೀಟಿ ನೋಡಿ, ಕೆಳಗಿನ ರಟ್ಟು ನೋಡಿ. ರಟ್ಟು ಒಣಗಿದ್ದರೆ ಎಣ್ಣೆ ಗಾಡಿಯೊಳಗೇ ಇದೆ. ಸ್ಟಾರ್ಟರ್ ಬಿಟ್ಟು ಬಿಟ್ಟು ತಿರುಗಿಸಿ ಪ್ರೆಶರ್ ಏರಿಸಿ, ಆಮೇಲೆ ಸ್ಟಾರ್ಟ್ ಮಾಡಿ ಐಡಲ್‌ನಲ್ಲೇ ಬಿಡಿ. ತಳದಲ್ಲಿ ಸೇರಿದ ಎಣ್ಣೆಯನ್ನು ಸ್ಕ್ಯಾವೆಂಜ್ ಪಂಪ್ ಟ್ಯಾಂಕಿಗೆ ಎತ್ತಬೇಕು. ಅಷ್ಟು ಹೊತ್ತು ರೇಸ್ ಕೊಡಬೇಡಿ. ಹೊಗೆ ಬರುತ್ತದೆ, ಮನೆಯವರು ಬಯ್ಯುತ್ತಾರೆ. ಹತ್ತು ನಿಮಿಷದಲ್ಲಿ ತೆಳುವಾಗುತ್ತದೆ. ಆಮೇಲೆ ರಾಗಿಹೊಸಳ್ಳಿಗೆ ಒಂದು ಸುತ್ತು ಹೋಗಿ ಬಂದು, ಗುರುತಿನ ಮೇಲೆ ನಿಲ್ಲಿಸಿ, ಆಗ ಕಡ್ಡಿ ಎಳೆಯಿರಿ.